ಕುರ್ಚಿಯಮ್ಮ ಹಾಕಿದ ಪುಟ್ಟ ಕುರ್ಚಿಗಳು

ಬೆಳಗಿನ ಐದೂವರೆ. ಮೈದಾನದ ಹುಲ್ಲೆಲ್ಲ ಇಬ್ಬನಿಯಲ್ಲಿ ತೊಯ್ದಿದೆ. ಲಾರಿಯ ಹಿಂದೆ ನಿಂತ ಹೆಂಗಸೊಬ್ಬರು ಒಂದರೊಳಗೊಂದು ಕೂತ ಎಂಟು ಪ್ಲಾಸ್ಟಿಕ್ ಕುರ್ಚಿಗಳನ್ನು ಎದೆಗವಚಿ ಇಳಿಸುತ್ತಾರೆ. ಮೊಣಕಾಲಿನಿಂದ ಒಂದು ಪೆಟ್ಟು ಕೊಟ್ಟರೆ ಅಂಟಿಕೊಂಡಿದ್ದವು ಬಿಡಿಬಿಡಿಯಾಗುತ್ತವೆ. ನೆಲಕ್ಕೆ ಎಳೆದು ಕಟ್ಟಿದ ದಾರಕ್ಕೆ ಕುರ್ಚಿಯ ಮುಂಗಾಲು ತಾಗಿಸಿ ಒಂದೊಂದನ್ನೇ ಇಡುತ್ತಾ ಹೋಗುತ್ತಾರೆ. ಸಾಲಿನ ತುದಿಯಲ್ಲಿ ನಿಂತು, ಒಂದು ಕಣ್ಣು ಮುಚ್ಚಿ, "ರೀ, ಹೊಟ್ಟೆ ಸ್ವಲ್ಪ ಮುಂದೆ ಬಂದಿದೆ" ಎನ್ನುತ್ತಾರೆ. ಲಾರಿ ಓಡಿಸಿಕೊಂಡು ಬಂದ ಗಂಡ ಬಗ್ಗಿ ತಮ್ಮ ಹೊಟ್ಟೆ ನೋಡಿಕೊಳ್ಳುತ್ತಾರೆ. "ನಿಮ್ಮದಲ್ಲ, ಸಾಲಿಂದು. ಹದಿನಾರನೇ ಕುರ್ಚಿ ಹಿಂದೆ ತಳ್ಳಿ."

ಹತ್ತು ಗಂಟೆಗೆ ಇಲ್ಲಿ ರಾಷ್ಟ್ರೀಯ ಪ್ರಾರ್ಥನೆ. ಏಳು ವರ್ಷದ ಹಿಂದೆ ಇದೇ ದಿನ ಪ್ರಯಾಣಿಕರ ದೋಣಿ ಮಗುಚಿ ನೂರ ನಲವತ್ತಮೂರು ಜನ ನೀರುಪಾಲಾದರು. ಅಂದಿನಿಂದ ಪ್ರತಿವರ್ಷ ದೇಶ ಅವರನ್ನು ನೆನೆಯುತ್ತದೆ. ಗಣ್ಯರ ಮಾತು, ಎಲ್ಲ ಮತದವರ ಪ್ರಾರ್ಥನೆ, ಎರಡು ನಿಮಿಷದ ಮೌನ, ಎಲ್ಲವೂ ಟೀವಿಯಲ್ಲಿ ಬರುತ್ತವೆ. ಆ ಜನರೆಲ್ಲ ಕೂರುವ ಆರು ಸಾವಿರ ಕುರ್ಚಿಗಳನ್ನು ಹಿಂದಿನ ದಿನದಿಂದಲೇ ಹಾಕಿಸುವ ಐವತ್ತೆರಡು ವರ್ಷದ ಈಕೆ ಮಾತ್ರ ಎಲ್ಲೂ ಕಾಣುವುದಿಲ್ಲ. ಕೆಲಸದವರ ಬಾಯಲ್ಲಿ ಇವರು ಕುರ್ಚಿಯಮ್ಮ.

"ಲೋಕದಲ್ಲಿ ಎಲ್ಲರೂ ಕುರ್ಚಿಗೋಸ್ಕರ ಕಿತ್ತಾಡ್ತಾರೆ. ದಿನಾ ಸಾವಿರಾರು ಜನಕ್ಕೆ ಕುರ್ಚಿ ಕೊಟ್ಟು ಮನೆಗೆ ಹೋಗೋಳು ನಾನೊಬ್ಬಳೇ" ಎಂದು ನಗುತ್ತಾರೆ.

ಮೊದಲು ಇವರು ಮದುವೆ ಮಂಟಪದಲ್ಲಿ ಪಾತ್ರೆ ತೊಳೆಯುತ್ತಿದ್ದರು. ಸೋಪಿನ ನೀರಿಗೆ ಅಂಗೈ ಸುಲಿದು, ರಾತ್ರಿ ತುತ್ತು ಕಲಸಿದರೆ ಉರಿಯುತ್ತಿತ್ತು. ಒಂದು ದಿನ ಕುರ್ಚಿ ಹಾಕುವವನು ಕೈಕೊಟ್ಟ. ಇವರೇ ಸೆರಗು ಸಿಕ್ಕಿಸಿಕೊಂಡು ನಾನೂರು ಕುರ್ಚಿ ಹಾಕಿದರು. ಗೆರೆ ಎಳೆದಂತಿದ್ದ ಸಾಲು ನೋಡಿದ ಬಾಡಿಗೆ ಅಂಗಡಿಯವರು ಮರುದಿನವೇ ಕರೆದರು. ಅದಾಗಿ ಇಪ್ಪತ್ತೆರಡು ವರ್ಷ. ಈಗ ಎಡಭುಜ ಮೇಲೇಳುವುದಿಲ್ಲ. ಡಾಕ್ಟರು ವಿಶ್ರಾಂತಿ ಹೇಳಿದ್ದಾರೆ. "ಬಲಗೈ ಇನ್ನೂ ಮಾತು ಕೇಳತ್ತೆ. ಆ ಕೈಗೆ ಡಾಕ್ಟರ ವಿಷಯ ಹೇಳಿಲ್ಲ" ಎನ್ನುತ್ತಾರೆ.

ಮೊದಲ ವರ್ಷದ ಪ್ರಾರ್ಥನೆಯನ್ನು ಅವರು ಮರೆತಿಲ್ಲ. ಭದ್ರತೆಗೆಂದು ಅಧಿಕಾರಿಗಳು ಸತ್ತವರ ಕುಟುಂಬದವರ ಕುರ್ಚಿಗಳನ್ನೆಲ್ಲ ಒಂದಕ್ಕೊಂದು ಬಿಗಿದು ಕಟ್ಟಿಸಿದ್ದರು. ಮಗಳನ್ನು ಕಳೆದುಕೊಂಡ ಅಜ್ಜಿಯೊಬ್ಬರು ಬಿಕ್ಕುತ್ತಿದ್ದರು. ಅವರ ಮಗ ಕುರ್ಚಿ ತಿರುಗಿಸಿ ಅಮ್ಮನ ಎದುರು ಕೂರಲು ಹೋದರೆ ಸಾಲಿಗೆ ಸಾಲೇ ಅಲುಗಿತು. ಕೊನೆಗೆ ನೆಲದ ಮೇಲೇ ಕೂತ. ಕುರ್ಚಿಯಮ್ಮ ಹಿಂದಿನಿಂದ ಬಗ್ಗಿಕೊಂಡು ಹೋಗಿ ಕತ್ತರಿಯಲ್ಲಿ ಕಟ್ಟು ಬಿಡಿಸಿದರು. "ಅಳೋರ ಕಡೆ ತಿರುಗಕ್ಕಾಗದ ಕುರ್ಚಿ ಯಾವ ಸೀಮೆ ಕುರ್ಚಿ?"

ಆಮೇಲೆ ಆ ಕುಟುಂಬಗಳು ಕೂರುವ ಆವರಣ ಇವರದೇ ಜವಾಬ್ದಾರಿ ಎಂಬಂತಾಯಿತು. ಎಷ್ಟು ಜನ ಬರುತ್ತೀರಿ ಎಂದು ವಾರ ಮುಂಚೆಯೇ ಮನೆಮನೆಗೆ ಫೋನ್ ಮಾಡುತ್ತಾರೆ. ಅಲ್ಲಿಂದ ಬರುವ ಸುದ್ದಿಗಳೇ ಬೇರೆ. ಒಬ್ಬರ ಮಗನಿಗೆ ಮದುವೆಯಾಗಿದೆ, ಇನ್ನೊಬ್ಬರಿಗೆ ಅವಳಿ ಮೊಮ್ಮಕ್ಕಳು, ಹೆಂಡತಿಯನ್ನು ಕಳೆದುಕೊಂಡು ಮಂಕಾಗಿ ಕೂತಿರುತ್ತಿದ್ದ ಮೇಷ್ಟ್ರು ಮತ್ತೆ ಮದುವೆಯಾಗಿದ್ದಾರೆ. "ಹೆಂಡತೀನೂ ಕರ್ಕೊಂಡು ಬರಲಾ?" ಎಂದು ಅವರು ಅಳುಕುತ್ತಾ ಕೇಳಿದ್ದರಂತೆ. "ಅದಕ್ಕೇನು, ಹತ್ರ ಹತ್ರ ಹಾಕ್ತೀನಿ ಬನ್ನಿ ಅಂದೆ" ಎಂದು ಕುರ್ಚಿಯಮ್ಮ ಬಾಯಿಗೆ ಸೆರಗು ಒತ್ತಿಕೊಳ್ಳುತ್ತಾರೆ.

ಈ ಸಲ ತೊಂಬತ್ತಾರು ಮನೆಗಳಿಂದ ಬರುವವರು ಮುನ್ನೂರ ನಲವತ್ತು. ಜೊತೆಗೆ ದುರಂತದ ನಂತರ ಹುಟ್ಟಿದ ಮೂವತ್ತೊಂದು ಮಕ್ಕಳು. ಅವರಿಗೆಂದೇ ಶಿಶುವಿಹಾರಕ್ಕೆ ಹೋಗುವಂಥ ಕೆಂಪು ಪುಟ್ಟ ಕುರ್ಚಿಗಳು ಬಂದಿವೆ. ಆದರೆ ನಿನ್ನೆ ಮೇಲ್ವಿಚಾರಣೆಯ ಅಧಿಕಾರಿ ಕಡ್ಡಿ ತುಂಡು ಮಾಡಿದಂತೆ ಹೇಳಿದ್ದರು.

"ಮನೆಗೆ ಎರಡೇ ಕುರ್ಚಿ ಅಮ್ಮ. ಮೊದಲ ವರ್ಷದಿಂದ ಅದೇ ಪಟ್ಟಿ."

"ಪಟ್ಟಿ ಅಲ್ಲೇ ನಿಂತಿದೆ ಸಾರ್, ಜನ ನಿಂತಿಲ್ಲ. ಮನೆ ತುಂಬಿದೆ."

"ಉಳಿದವರು ಹಿಂದೆ ನಿಲ್ಲಲಿ."

ಕುರ್ಚಿಯಮ್ಮ ಹೇಳಿದಷ್ಟು ಹಾಕಿದರು. ಕೆಂಪು ಕುರ್ಚಿಗಳೂ ಸೇರಿ ಉಳಿದವನ್ನು ಪಕ್ಕದ ಪರದೆಯ ಹಿಂದೆ ಪೇರಿಸಿಟ್ಟರು.

ಒಂಬತ್ತೂವರೆಗೆ ಕುಟುಂಬಗಳು ಬರತೊಡಗುತ್ತವೆ. ಹತ್ತೇ ನಿಮಿಷದಲ್ಲಿ ಆವರಣ ತುಂಬಿ, ಕೂಸು ಎತ್ತಿಕೊಂಡ ಸೊಸೆಯಂದಿರು ಬಿಸಿಲಲ್ಲಿ ನಿಲ್ಲುತ್ತಾರೆ. ಅಧಿಕಾರಿ ಒಮ್ಮೆ ಪಟ್ಟಿ ನೋಡುತ್ತಾರೆ, ಒಮ್ಮೆ ಕೂಸುಗಳನ್ನು ನೋಡುತ್ತಾರೆ. ಕುರ್ಚಿಯಮ್ಮ ಪರದೆ ಸರಿಸಿ ಪೇರಿಸಿಟ್ಟ ಕುರ್ಚಿಗಳನ್ನು ತೋರಿಸುತ್ತಾರೆ. ಅಧಿಕಾರಿ ನಿಟ್ಟುಸಿರುಬಿಟ್ಟು ಕೋಟಿನ ತೋಳು ಮಡಚುತ್ತಾರೆ. "ಎಷ್ಟು ಎತ್ತಲಿ?"

"ನಿಮಗೆ ಅಭ್ಯಾಸ ಇಲ್ಲ ಸಾರ್. ಚಿಕ್ಕವು ತಗೊಳ್ಳಿ."

ಕೋಟಿಗೆ ಬಿಲ್ಲೆ ಸಿಕ್ಕಿಸಿಕೊಂಡ ಅಧಿಕಾರಿ ಎರಡೂ ಕೈಯಲ್ಲಿ ಕೆಂಪು ಕುರ್ಚಿ ಹಿಡಿದು ಓಡಾಡುವುದನ್ನು ಜನ ಕಣ್ಣು ಬಿಟ್ಟು ನೋಡುತ್ತಾರೆ.

ಮೌನ ಶುರುವಾಗುತ್ತದೆ. ಆರು ಸಾವಿರ ಜನ ತಲೆ ತಗ್ಗಿಸಿದ್ದಾರೆ. ಆಗ ಎರಡು ವರ್ಷದ ಪೋರಿಯೊಬ್ಬಳು ತನ್ನ ಕುರ್ಚಿಯನ್ನು ಆವರಣಕ್ಕೆ ಹಾಸಿದ ಹಲಗೆಯ ಮೇಲೆ ಗರಗರ ಎಳೆದುಕೊಂಡು ಹೊರಡುತ್ತಾಳೆ. ಮೊದಲ ವರ್ಷ ಬಿಕ್ಕುತ್ತಿದ್ದ ಅಜ್ಜಿಯ ಮೊಮ್ಮಗಳು ಅವಳು, ಅಂದು ನೆಲದಲ್ಲಿ ಕೂತಿದ್ದ ಮಗನ ಮಗಳು. ಅಜ್ಜಿಯ ಎದುರು ಕುರ್ಚಿ ನಿಲ್ಲಿಸಿ, ಹತ್ತಿ ಕೂತು, "ಅಜ್ಜಿ, ಬೂ" ಎನ್ನುತ್ತಾಳೆ. ಅಜ್ಜಿ ತಡೆಯಲಾರದೆ ನಕ್ಕುಬಿಡುತ್ತಾರೆ. ಆ ನಗು ಪಕ್ಕದವರಿಗೆ, ಹಿಂದಿನ ಸಾಲಿಗೆ ಹಬ್ಬುತ್ತದೆ. ಕಣ್ಣೀರು ಒರೆಸುತ್ತಲೇ ಎಲ್ಲರೂ ನಗುತ್ತಾರೆ. ಯಾರೂ ಯಾರನ್ನೂ ಗದರುವುದಿಲ್ಲ.

ಪರದೆಯ ಪಕ್ಕದಲ್ಲಿ ಕುರ್ಚಿಯಮ್ಮ ತಮ್ಮ ಸಾಲುಗಳನ್ನು ನೋಡುತ್ತಿದ್ದಾರೆ. ಕುಟುಂಬದವರ ಆವರಣದಲ್ಲಿ ಒಂದೂ ಸಾಲು ನೆಟ್ಟಗಿಲ್ಲ. ಕುರ್ಚಿಗಳೆಲ್ಲ ಒಂದರ ಕಡೆಗೊಂದು ತಿರುಗಿವೆ. ಅವರಿಗೆ ಅದರ ಚಿಂತೆಯೇ ಇಲ್ಲ. ತುದಿಯಲ್ಲಿ ಕೂತ ಆರು ವರ್ಷದ ಹುಡುಗನ ಮೇಲೆ ಕಣ್ಣು ನೆಟ್ಟಿದೆ. ಕೆಂಪು ಕುರ್ಚಿಯಲ್ಲಿ ಅವನ ಮಂಡಿ ಗದ್ದಕ್ಕೆ ತಾಗುತ್ತಿದೆ.

"ನೋಡಿದ್ರಾ, ಇವರೆಲ್ಲ ಬೆಳೆದುಬಿಟ್ರು" ಎಂದು ಗಂಡನ ಕಿವಿಯಲ್ಲಿ ಉಸುರುತ್ತಾರೆ. "ಮುಂದಿನ ವರ್ಷಕ್ಕೆ ಒಂದು ಸೈಜ್ ದೊಡ್ಡದು ತರಿಸ್ಬೇಕು."