ಮಗಳ ಹೆಸರಿಗೆ ಬದಲು ಬಾಯಿಗೆ ಬಂದ ಹೆಸರು

ಭಕ್ತ ಬಂಧುಗಳೇ, ಐದು ವರ್ಷದ ನನ್ನ ಮಗಳು ಗಿರಿಜೆಯ ಕೈ ಮುರಿದವನು ಬೇರೆ ಯಾರೂ ಅಲ್ಲ, ಹೆತ್ತ ತಂದೆ ನಾನೇ. ಇದನ್ನು ಮೊದಲು ಒಪ್ಪಿಕೊಂಡೇ ನಂಜುಂಡೇಶ್ವರನ ಕೃಪೆಯನ್ನು ಹೇಳಬೇಕು.

ಎಪ್ಪತ್ತೊಂದರ ಯುದ್ಧದಲ್ಲಿ ಪಾಕಿಸ್ತಾನದವರ ಕೈಗೆ ಸಿಕ್ಕಿ ಒಂದು ವರ್ಷ ಸೆರೆಯಲ್ಲಿದ್ದೆ. ಅಲ್ಲಿ ಅಸ್ಲಂ ಎಂಬ ಕಾವಲುಗಾರ ನನ್ನ ಕಣ್ಣಿಗೆ ಬಟ್ಟೆ ಕಟ್ಟಿ, ಹಿಂದಿನಿಂದ ಬಂದು, ಬಂದೂಕಿನ ಹಿಡಿಯಿಂದ ಬೆನ್ನಿಗೆ ಗುದ್ದುತ್ತಿದ್ದ. ಬಿಡುಗಡೆಯಾಗಿ ನಮ್ಮೂರು ಹದಿನಾರಿಗೆ ಬಂದೆ, ಬೇಸಾಯಕ್ಕೆ ನಿಂತೆ, ಮದುವೆಯಾಯಿತು. ಆದರೂ ಅವನು ನನ್ನನ್ನು ಬಿಡಲಿಲ್ಲ. ಊಟಕ್ಕೆ ಕೂತರೂ ಅವನನ್ನೇ ಶಪಿಸುತ್ತಿದ್ದೆ. ದೇವರಿಗೆ ಕೈ ಮುಗಿಯುವುದನ್ನೂ ಬಿಟ್ಟಿದ್ದೆ.

ಎಪ್ಪತ್ತೊಂಬತ್ತರ ಒಂದು ಮಧ್ಯಾಹ್ನ ಜಗಲಿಯ ಮೇಲೆ ಕೂತಿದ್ದೆ. ಗಿರಿಜೆ ಸದ್ದಿಲ್ಲದೆ ಹಿಂದಿನಿಂದ ಬಂದು ನನ್ನ ಕಣ್ಣು ಮುಚ್ಚಿದಳು. ಆಟಕ್ಕೆ! ನಾನು ಅವಳನ್ನು ಎತ್ತಿ ಬಿಸಾಕಿಬಿಟ್ಟೆ. ನಂಜನಗೂಡಿನ ಆಸ್ಪತ್ರೆಯಲ್ಲಿ ಕೈಗೆ ಕಟ್ಟು ಹಾಕಿಸಿಕೊಂಡು ಬರುವಾಗ ಬಸ್ಸಿನಲ್ಲಿ ಮಗು ನನ್ನ ಪಕ್ಕ ಕೂರಲೇ ಇಲ್ಲ.

"ನೀವು ಯುದ್ಧದಿಂದ ಇನ್ನೂ ಬಂದೇ ಇಲ್ಲ ಕಣ್ರೀ," ಎಂದಳು ನನ್ನ ಹೆಂಡತಿ ಜಯಮ್ಮ. "ಮಗೀನ ಕರ್ಕೊಂಡು ಅವ್ವನ್ ಮನೆಗೆ ಓಯ್ತೀನಿ."

ಎರಡು ಸಲ ತಿ. ನರಸೀಪುರದಲ್ಲಿ ಬಸ್ಸು ಬದಲಿಸಿ ಅತ್ತೆಯ ಊರು ಸೋಸಲೆಗೆ ಹೋದೆ. ಎರಡು ಸಲವೂ ಗಿರಿಜೆ ನನ್ನನ್ನು ಕಂಡು ಅಜ್ಜಿಯ ಸೆರಗಿನಲ್ಲಿ ಅಡಗಿದಳು. ಎದೆ ಒಡೆದುಹೋಯಿತು.

"ನಂಜುಂಡಪ್ಪನ್ ತಾವ ಓಗಿ ಮಗೀನ್ ಎಸ್ರಲ್ಲಿ ಒಂದ್ ಅರ್ಚನೆ ಮಾಡಿಸ್ರಪ್ಪ," ಎಂದರು ಅತ್ತೆ. ನಂಬಿಕೆಯಿರಲಿಲ್ಲ, ಬೇರೆ ದಾರಿಯೂ ಇರಲಿಲ್ಲ.

ಸೋಮವಾರ ನಂಜನಗೂಡಿಗೆ ಹೋಗಿ, ಕಪಿಲೆಯಲ್ಲಿ ಮಿಂದು ಅರ್ಚನೆಯ ಸಾಲಿನಲ್ಲಿ ನಿಂತೆ. ಬಾಯಲ್ಲಿ ಶಿವನಾಮ ಎಲ್ಲಿ ಬರಬೇಕು? "ಅಸ್ಲಂ, ಎಲ್ಲಾ ನಿನ್ನಿಂದಲೇ ಕಣೋ" ಎಂದು ಗೊಣಗುತ್ತಲೇ ಮುಂದೆ ಸರಿದೆ.

"ಯಾರ ಹೆಸರಿಗಪ್ಪಾ? ಬೇಗ ಹೇಳು," ಎಂದರು ಅರ್ಚಕರು.

"ಅಸ್ಲಂ," ಎಂದುಬಿಟ್ಟೆ!

ಅವರು ಒಮ್ಮೆ ತಲೆಯೆತ್ತಿ ನೋಡಿದರು, ಅಷ್ಟೇ. ಅರ್ಚನೆ ಶುರುವಾಗಿಯೇ ಹೋಯಿತು! ಅಸ್ಲಮನಿಗೆ ಕ್ಷೇಮವಂತೆ, ಸ್ಥೈರ್ಯವಂತೆ, ಆಯುರಾರೋಗ್ಯವಂತೆ!

"ನಿಲ್ಸಿ ಸ್ವಾಮೀ! ಅವನು ನನ್ನ ಶತ್ರು! ಅವನು ಹಾಳಾಗ್ಬೇಕು!" ಎಂದು ಕಿರುಚಿದೆ.

"ಹಾಳಾಗ್ಲಿ ಅನ್ನೋ ಅರ್ಚನೆ ನಂಗೆ ಬರಲ್ಲಪ್ಪ. ಯಾರ ಹೆಸರು ಹೇಳಿದ್ರೂ ಕೇಳ್ಕೊಳ್ಳೋದು ಇಷ್ಟೇ," ಎಂದು ಬಿಲ್ವಪತ್ರೆಯನ್ನು ನನ್ನ ಅಂಗೈಗೆ ಹಾಕಿದರು.

ಏನು ಹೇಳಲಿ, ಬಂಧುಗಳೇ! ಆ ಕ್ಷಣಕ್ಕೆ ಸೆರೆಮನೆಯ ಒಂದು ದಿನ ಕಣ್ಣಮುಂದೆ ಬಂತು. ತಾಯಿ ತೀರಿಕೊಂಡ ಕಾಗದ ಹಿಡಿದು ಅಸ್ಲಂ ಗೋಡೆಗೊರಗಿ ಅಳುತ್ತಿದ್ದ. ಅಂದು ನಾನು ಒಳಗೊಳಗೇ ಕುಣಿದಿದ್ದೆ. ಈಗ ನೋಡಿದರೆ ಅದು ಮೀಸೆ ಸರಿಯಾಗಿ ಮೂಡದ ಹುಡುಗನ ಮುಖ. "ಚೆನ್ನಾಗಿರು ಹೋಗು, ಅಸ್ಲಂ," ಎಂದೆ. ಎಲ್ಲರಿಗೂ ಕೇಳುವಂತೆ, ಅಳುತ್ತಲೇ ಎಂದೆ! ಎಂಟು ವರ್ಷದ ಭಾರ ಅಲ್ಲೇ ಇಳಿಯಿತು. ಆಮೇಲೆ ಗಿರಿಜೆಯ ಹೆಸರು ಹೇಳಿದೆ.

ಅಂದೇ ಸೋಸಲೆಗೆ ಹೋದೆ. ಈ ಸಲ ಮಗುವನ್ನು ಕರೆಯಲಿಲ್ಲ, ಪ್ರಸಾದವನ್ನು ಪಕ್ಕದಲ್ಲಿಟ್ಟುಕೊಂಡು ಜಗಲಿಯಲ್ಲಿ ಕೂತೆ. ಎಷ್ಟೋ ಹೊತ್ತಾದ ಮೇಲೆ ಬಾಗಿಲ ಹಿಂದಿನಿಂದ ಸ್ವರ ಬಂತು: "ಅಪ್ಪಾ, ನಂಗಿಲ್ವಾ ಪರ್ಸಾದ?"

ಮುಂದಿನ ಸೋಮವಾರ ಮೂವರೂ ನಂಜನಗೂಡಿನಲ್ಲಿದ್ದೆವು. ನಮ್ಮೆಲ್ಲರ ಹೆಸರಿನ ಜೊತೆ ಅಸ್ಲಮನ ಹೆಸರನ್ನೂ ಹೇಳಿದೆ, ಈ ಸಲ ಬೇಕೆಂದೇ. ಸ್ವಾಮಿಯ ಮುಂದೆ ಅಡ್ಡಬಿದ್ದು ಏಳುವಾಗ ಗಿರಿಜೆ ನನ್ನ ಬೆರಳು ಹಿಡಿದು ಕೇಳಿದಳು:

"ಅಸ್ಲಂ ಅಂದ್ರೆ ಯಾರಪ್ಪಾ? ನಮ್ ನೆಂಟ್ರಾ?"

"ಊಂ ಕಣವ್ವ," ಎಂದೆ. ನನ್ನ ಬಾಯಲ್ಲಿ ಹಾಗೆ ಅನ್ನಿಸಿದವನು ನಂಜುಂಡೇಶ್ವರ.