ಕಾಲಾಳು ಹಿಡಿದ ಸಾವ್ಕಾರರು

ಸಾವ್ಕಾರ್ ವಿರೂಪಾಕ್ಷಪ್ಪನವರು ಚದುರಂಗದಲ್ಲಿ ಎದುರಾಳಿಯ ಅರಸನನ್ನು ಬಹುವಚನದಲ್ಲೇ ಮಾತಾಡಿಸುತ್ತಿದ್ದರು. "ಸ್ವಾಮಿ, ಆ ಮೂಲೆಗೆ ಬರ್ರಿ, ಅಲ್ಲಿ ನೆಳ್ಳೈತೆ" ಎಂದು ಕೈಮುಗಿದು, ಮರುನಡೆಗೇ ಕುದುರೆ ಹಾರಿಸುತ್ತಿದ್ದರು. ಹೊಸದುರ್ಗದ ಪೇಟೆಯಲ್ಲಿ ಅವರದು ಸೀರೆ ಅಂಗಡಿ. ನಾನು ಪಕ್ಕದ ಮನೆಯ ಶಾಲೆ ಮೇಷ್ಟ್ರು. ಆಟದ ನಡುವೆ ಗಿರಾಕಿ ಬಂದರೆ, ಬೇಕಾದ್ದನ್ನು ನೀವೇ ಆರಿಸಿಕೊಳ್ಳಿ ಎಂದುಬಿಡುತ್ತಿದ್ದರು.

ಚದುರಂಗದಲ್ಲಿ ಅವರಿಗೆ ಸರಿಸಾಟಿ ಎಂದರೆ ಮತ್ತೋಡಿನ ಕುರಿಗಾರ ಕರಿಯಪ್ಪ ಒಬ್ಬನೇ. ಇಬ್ಬರಲ್ಲಿ ಹೆಚ್ಚು ಯಾರೆಂಬ ವಾದ ಹತ್ತದೆ ಹರಿಯದೆ, ಹಿರಿಯೂರಿನ ವರ್ತಕರು ತಮ್ಮ ಛತ್ರದಲ್ಲಿ ಪಂದ್ಯವನ್ನೇ ಇಟ್ಟರು. ಗೆದ್ದವರಿಗೆ ಬೆಳ್ಳಿ ಕಡಗ. ಚಿತ್ರದುರ್ಗ, ಹೊಳಲ್ಕೆರೆಗಳಿಂದಲೂ ಗಾಡಿ ಕಟ್ಟಿಕೊಂಡು ಜನ ಬಂದರು.

ಮಣೆಯ ಮುಂದೆ ಕೂತ ಕರಿಯಪ್ಪ ಮೆಲ್ಲಗೆ ಹೇಳಿದ: "ಕಡಗ ಯಾರಿಗಾರ ಹೋಗ್ಲಿ ಸಾವ್ಕಾರ್ರೇ. ಸೋತೋರು ಗೆದ್ದೋರ ಮನೀಗೆ ಉಣ್ಣಾಕ್ ಬರ್ಬೇಕು."

ಸಾವ್ಕಾರರ ಮನೆಯವರು ಕುರಿಗಾರರ ಮನೆಯಲ್ಲಿ ನೀರೂ ಕುಡಿಯದ ಕಾಲ ಅದು.

"ಆಗ್ಲಿ," ಅಂದರು ಇವರು. "ಆದ್ರೆ ನಿನ್ನ ಅರಸನ್ನ ಕಾಲಾಳಿಂದ್ಲೇ ಕಟ್ತೀನಿ, ನೋಡ್ಕ."

ಕಾಲಾಳಿನಿಂದ ಅರಸನನ್ನು ಕಟ್ಟಿ ಆಟ ಮುಗಿಸುವುದೇ ನಮ್ಮ ಕಡೆ ಎಲ್ಲಕ್ಕಿಂತ ಹಿರಿಯ ಗೆಲುವು. ಇಳಿಹೊತ್ತಿಗೆ ಸಾವ್ಕಾರರ ಆನೆ ಒಂದು ಮನೆ ಸರಿದಿದ್ದರೆ ಆಟ ಮುಗಿಯುತ್ತಿತ್ತು. ಅದು ನನಗೂ ಕಂಡಿತ್ತು. ಅವರು ಮಾತ್ರ ಕಾಲಾಳನ್ನೇ ತಳ್ಳಿದರು. ಸಿಕ್ಕ ಸಂದಿನಲ್ಲಿ ಕರಿಯಪ್ಪನ ಕುದುರೆ ನುಗ್ಗಿತು. ಹೊತ್ತು ಮುಳುಗುವ ಮೊದಲೇ ಸಾವ್ಕಾರರು ಸೋತರು.

ಗಾಡಿಯಲ್ಲಿ ಕೇಳಿದೆ, ಆನೆ ಕಾಣಲಿಲ್ಲವೇ ಎಂದು. "ಕಾಣ್ದೆ ಏನು ಮೇಷ್ಟ್ರೇ? ಅಷ್ಟು ಜನದ ಮುಂದೆ ಮಾತು ಕೊಟ್ಟಿದ್ನಲ್ಲ" ಎಂದು ನಕ್ಕರು.

ಏನಾದರೂ ನೆಪ ಹೇಳಿ ಊಟ ತಪ್ಪಿಸಿಕೊಳ್ಳಲು ಬಂಧುಗಳು ಬುದ್ಧಿ ಹೇಳಿದರು. ಸಾವ್ಕಾರರು ನನ್ನನ್ನೂ ಕರೆದುಕೊಂಡು, ಇಡೀ ಮತ್ತೋಡು ನೋಡುವಂತೆ, ಹಾಡುಹಗಲೇ ಹೋದರು. ಮುದ್ದೆ, ಅವರೆಕಾಳಿನ ಸಾರು. ಕರಿಯಪ್ಪನ ಹೆಂಡತಿ ಬಡಿಸಿದಳು. ಕರಿಯಪ್ಪ ಗೋಡೆಗೆ ಒರಗಿ ನಿಂತೇ ಇದ್ದ.

"ನೀನೂ ಕುಂತ್ಕಳೋ. ನೀನು ನಿಂತಿದ್ರೆ ನಂಗೆ ಗಂಟ್ಲಲ್ಲಿ ಇಳಿಯಲ್ಲ" ಅಂದರು ಸಾವ್ಕಾರರು.

ಮೂವರೂ ಒಂದೇ ಸಾಲಿನಲ್ಲಿ ಉಂಡೆವು. ಸಾವ್ಕಾರರು ಇನ್ನೊಂದು ಮುದ್ದೆ ಕೇಳಿ ಹಾಕಿಸಿಕೊಂಡರು. ಆಮೇಲೆ ಕೆಲವು ಮನೆಯವರು ಅವರ ಅಂಗಡಿಗೆ ಬರುವುದು ಬಿಟ್ಟರು. ದೀಪಾವಳಿಗೆ ಒಳ್ಳೆ ಸೀರೆ ಬೇಕಾದಾಗ ತಾವಾಗಿ ಬಂದರು.

ನನಗೆ ಚಿತ್ರದುರ್ಗಕ್ಕೆ ವರ್ಗವಾಯಿತು. ಕೆಲವು ವರ್ಷಗಳ ಮೇಲೆ ಅವರನ್ನು ನೋಡಲು ಹೋದೆ. ಅದೇ ಕೊನೆಯ ಭೇಟಿ. ಹಾಸಿಗೆ ಹಿಡಿದಿದ್ದರು, ಕಾಯಿ ಎತ್ತುವ ತ್ರಾಣವೂ ಇರಲಿಲ್ಲ. ಪಕ್ಕದಲ್ಲಿ ಕೂತ ಕರಿಯಪ್ಪ ತನ್ನ ಕಾಯಿಯ ಜೊತೆಗೆ, ಇವರು ಹೇಳಿದಂತೆ ಇವರ ಕಾಯಿಯನ್ನೂ ನಡೆಸುತ್ತಿದ್ದ. ಗೆಲ್ಲುತ್ತಿರುವವರು ಯಾರು ಎಂದು ಕೇಳಿದೆ.

ಸಾವ್ಕಾರರು ಕಣ್ಣು ಮಿಟುಕಿಸಿದರು. "ನಾನೇ ಮೇಷ್ಟ್ರೇ. ಇವನ ಕೈಲೇ ಇವನ್ನ ಸೋಲುಸ್ತಾ ಇದೀನಿ."