ಮಣ್ಣು ಹತ್ತದ ಬೆನ್ನು

ಮುರಗೋಡದ ಕಡೆಯ ಒಂದು ಹೈಸ್ಕೂಲಿನಲ್ಲಿ ನಾನು ಇಂಗ್ಲಿಷ್ ಕಲಿಸುತ್ತೇನೆ. ಸಂಜೆ ಬೈಲಹೊಂಗಲದ ಮನೆಗೆ ಬಂದರೆ ಕಟ್ಟೆಯ ಮೇಲೆ ಓಣಿಯ ಹುಡುಗಿಯರು ಪುಸ್ತಕ ಬಿಚ್ಚಿಕೊಂಡು ಕೂತಿರುತ್ತಾರೆ. ಅವರಿಗೆ ಪುಕ್ಕಟೆ ಪಾಠ. ಗಂಡ ತೀರಿಕೊಂಡ ಮೇಲೆ ಅಪ್ಪನ ಮನೆಗೆ ವಾಪಸು ಬಂದವಳಿಗೆ ಸಂಜೆ ಕಳೆಯಬೇಕಲ್ಲ.

ಎರಡು ವರ್ಷದ ಹಿಂದೆ ಒಂದು ಸಂಜೆ ‘ಫಾಲ್’ ಎಂಬ ಕ್ರಿಯಾಪದದ ಪಾಠ ನಡೆದಿತ್ತು. ಮಳೆ ಬೀಳುವುದು, ಎಲೆ ಬೀಳುವುದು ಸಲೀಸಾಗಿ ಮುಗಿಯಿತು. ಜಡ್ಡಿಗೆ ಬೀಳುವುದೂ ನಮ್ಮಲ್ಲಿ ಇದ್ದದ್ದೇ. ಇಂಗ್ಲಿಷಿನಲ್ಲಿ ನಿದ್ದೆಗೂ ಬೀಳುತ್ತಾರೆ ಎಂದಾಗ ಹುಡುಗಿಯರು ಕಿಸಕ್ಕನೆ ನಕ್ಕರು.

“ನಿದ್ದಿಗೆ ಹ್ಯಾಂಗ ಬೀಳತಾರ್ರೀ ಟೀಚರ್? ನಿದ್ದಿ ಹತ್ತತೈತಿ, ಅಷ್ಟ.”

ರಾತ್ರಿಯೂ ಬೀಳುತ್ತದೆ, ಇದ್ದಕ್ಕಿದ್ದಂತೆ ಮಾತು ನಿಂತರೆ ಅದೂ ಬೀಳುವುದೇ ಎಂದು ಹೇಳುತ್ತಿದ್ದೆ. ಒಳಗಿನಿಂದ ಅಪ್ಪ ಗುಡುಗಿದ.

“ಎಂಥಾ ಮಂದಿನವಾ ಅವರು! ಏನ ಮಾಡಿದ್ರೂ ಬೀಳೂದ. ಒಂದ ಕಡೆರೆ ನೆಟ್ಟಗ ನಿಂದರಬಾರದೇನು?”

ಅಪ್ಪನಿಗೆ ಆ ಮಾತು ಸೇರುತ್ತಿರಲಿಲ್ಲ. ಹರೆಯದಲ್ಲಿ ಅವನು ಪೈಲವಾನ. ಅವನು ಹಿಡಿಯುತ್ತಿದ್ದದ್ದು ನಿಕಾಲಿ ಕುಸ್ತಿ. ಅದರಲ್ಲಿ ಸಮಸಮ ಎಂದು ಬಿಡಿಸಿ ಕಳಿಸುವುದಿಲ್ಲ, ಇಬ್ಬರಲ್ಲಿ ಒಬ್ಬನ ಬೆನ್ನಿಗೆ ಮಣ್ಣು ಹತ್ತಲೇಬೇಕು. ತನ್ನ ಬೆನ್ನಿಗೆ ಒಮ್ಮೆಯೂ ಹತ್ತಿಲ್ಲ ಎಂಬುದು ಅಪ್ಪನ ಬಡಾಯಿ. ಓಣಿಯ ಹಿರಿಯರೆಲ್ಲ ಹೌದೌದು ಎನ್ನುತ್ತಿದ್ದರು. ಅವರಲ್ಲಿ ಅರ್ಧ ಮಂದಿ ದಿನಾ ನಮ್ಮ ಮನೆಯ ಚಹಾ ಕುಡಿಯುವವರು ಎಂಬುದು ಬೇರೆ ಮಾತು.

ಅದೇ ವರ್ಷ ಅಪ್ಪನ ಕಾಲುಗಳು ಅವನ ಮಾತು ಕೇಳುವುದನ್ನು ಬಿಟ್ಟವು. ನರ ಸೋತಿವೆ, ಕೈ ಹಿಡಿದೇ ಅಡ್ಡಾಡಿಸಬೇಕು, ಬಿದ್ದು ಟೊಂಕದ ಎಲುಬು ಮುರಿದರೆ ಈ ವಯಸ್ಸಿಗೆ ಮತ್ತೆ ಏಳುವುದಿಲ್ಲ ಎಂದು ಡಾಕ್ಟರರು ಅವನೆದುರಿಗೇ ಹೇಳಿದರು. ದವಾಖಾನೆಯ ಮೆಟ್ಟಿಲಿಳಿಯುವಾಗ ನಾನು ಕೈ ಹಿಡಿದೆ. ಅಪ್ಪ ಝಾಡಿಸಿ ಬಿಡಿಸಿಕೊಂಡ.

“ಬಿಡ. ನಾ ಏನ ಕೂಸೇನು?”

ಅಲ್ಲಿಂದ ಶುರುವಾಯಿತು ನಮ್ಮ ಜಗಳ. ಸಾಲಿಯಿಂದ ಬಂದು ಅರಿವೆ ಒಗೆಯಲು ಕೂತರೆ ಅವನ ಅಂಗಿಯ ಮೊಣಕೈಗೆ ಎರೆಮಣ್ಣು, ಧೋತರದ ಒಂದು ಮಗ್ಗುಲಿಗೆ ಎರೆಮಣ್ಣು. ಬೆನ್ನು ಮಾತ್ರ ಸ್ವಚ್ಛ. ಬೀಳುವಾಗಲೂ ಹೊರಳಿ ಮಗ್ಗುಲಿಗೆ ಬೀಳುತ್ತಿದ್ದನೆಂದು ಕಾಣುತ್ತದೆ.

“ಯಪ್ಪಾ, ಬಿದ್ದಿಯೇನು?”

“ಯಾವಾಗ? ಗ್ವಾಡಿಗೆ ತಾಕಿರಬೇಕು.”

“ನಮ್ಮ ಸುಣ್ಣದ ಗ್ವಾಡಿಗೆ ಎರಿಮಣ್ಣ ಯಾವಾಗ ಬಂತು?”

ಅಪ್ಪ ಕಿವಿ ಕೇಳದವನಂತೆ ಕೂರುತ್ತಿದ್ದ. ಸಿಟ್ಟು ನೆತ್ತಿಗೇರುತ್ತಿತ್ತು. ಅದರ ಅಡಿಯಲ್ಲಿ ಇದ್ದದ್ದು ಬರೀ ಹೆದರಿಕೆ. ದಿನಾ ಬಸ್ಸು ಇಳಿದು ಓಣಿಯ ತಿರುವಿಗೆ ಬಂದಾಗ ನಮ್ಮ ಮನೆಯ ಮುಂದೆ ಮಂದಿ ಕೂಡಿದ್ದಾರೆಯೇ ಎಂದು ಮೊದಲು ನೋಡುತ್ತಿದ್ದೆ.

ಒಮ್ಮೆ ಕಾಯಿಪಲ್ಲೆ ಬಜಾರದಲ್ಲಿ ಬಿದ್ದನಂತೆ. ಮಂದಿ ಓಡಿ ಬರುವುದರೊಳಗೆ ಎದ್ದು ಕೂತು, ಚಪ್ಪಲಿಯ ಉಂಗುಟ ಹರಿಯಿತು, ಅದಕ್ಕೇ ಕೂತೆ ಎಂದನಂತೆ. ಬಾಜೂ ಮನೆಯ ಕಾಕು ಬಂದು ಹೇಳಿದಾಗ ನಾನು ಬಾಗಿಲ ಹಿಂದಿನ ಚಪ್ಪಲಿ ಎತ್ತಿ ನೋಡಿದೆ. ಹೋದ ವಾರ ನಾನೇ ತಂದ ಹೊಸ ಜೋಡು. ಉಂಗುಟವನ್ನು ಹೊಲಿಗೆ ಸಮೇತ ಜಗ್ಗಿ ಕಿತ್ತಿದ್ದ. ನಾಲ್ಕು ಮಂದಿಯ ನಡುವೆ, ತರಚಿದ ಕೈಯಿಂದ, ತನ್ನ ಸುಳ್ಳನ್ನು ಖರೆ ಮಾಡಲು ಗಟ್ಟಿ ಚರ್ಮ ಹರಿಯುತ್ತ ಕೂತಿದ್ದ ಅಪ್ಪ ಕಣ್ಣ ಮುಂದೆ ಬಂದ. ಬೈಯಬೇಕೆಂದು ಬಾಯಿ ತೆರೆದವಳು ಅಡುಗೆಮನೆಗೆ ಹೋಗಿ ಅತ್ತೆ.

ಆಮೇಲೆ ಗರಡಿ ಮನೆಗೆ ಹೋಗುವುದನ್ನೂ ನಿಲ್ಲಿಸಿದ. ಮೊದಲು ಪ್ರತಿ ಶನಿವಾರ ಹೋಗಿ, ಕುಸ್ತಿಯ ಕುಣಿಗೆ ಇಳಿದು, ಮಣ್ಣು ಹಣೆಗೆ ಹಚ್ಚಿಕೊಂಡು, ಹೊಸ ಹುಡುಗರಿಗೆ ಪಟ್ಟು ಹೇಳಿಕೊಟ್ಟು ಬರುತ್ತಿದ್ದ. ಎಣ್ಣೆ ಮಜ್ಜಿಗೆ ಹಾಕಿ ಹದ ಮಾಡಿದ ಮಣ್ಣು ಅದು. ಬಿದ್ದರೆ ಪೆಟ್ಟಾಗದ ಜಾಗ ಅವನಿಗೆ ಇಡೀ ಊರಲ್ಲಿ ಅದೊಂದೇ. ಫರಸಿ ಕಲ್ಲಿನ ಮೇಲೆ, ಗಟಾರದ ದಂಡೆಯ ಮೇಲೆ ಜೀವ ಒತ್ತೆಯಿಟ್ಟು ನಡೆಯುತ್ತಿದ್ದವನು ಅಲ್ಲಿಗೆ ಮಾತ್ರ ಹೋಗಲೊಲ್ಲ. ಬರಿಗಾಲಲ್ಲಿ ಇಳಿಯುವ ಆ ಕುಣಿಯಲ್ಲಿ ಬಿದ್ದರೆ ಚಪ್ಪಲಿಯ ನೆವ ನಡೆಯುವುದಿಲ್ಲವಲ್ಲ.

ಹುಡುಗಿಯರ ಪಾಠ ಮುಂದೆ ಸಾಗಿತ್ತು. ಹಾಳು ಕ್ರಿಯಾಪದ, ಡಿಕ್ಷನರಿಯಲ್ಲಿ ಪುಟಗಟ್ಟಲೆ ಹಬ್ಬಿಕೊಂಡಿದೆ. ಓಟದಲ್ಲಿ ಹಿಂದುಳಿದರೂ ಅದೇ, ಕೈಗೆ ಬಂದದ್ದು ಸಾಲದಾದರೂ ಅದೇ, ಸಂಸಾರ ಮುರಿದರೂ ಅದೇ. ಯುದ್ಧದಲ್ಲಿ ಸತ್ತವನೂ ಬಿದ್ದವನೇ. ಅದೊಂದು ಅರ್ಥವನ್ನು ಅಪ್ಪ ಮನೆಯಲ್ಲಿದ್ದಾಗ ನಾನು ಕಲಿಸಲಿಲ್ಲ.

ಹೋದ ಮಳೆಗಾಲದ ಒಂದು ಮುಂಜಾನೆ ಹಿತ್ತಲಲ್ಲಿ ಧಡ್ ಎಂಬ ಸಪ್ಪಳ. ಓಡಿ ಹೋದೆ. ಬಚ್ಚಲ ಮುಂದಿನ ಕೆಸರಿನಲ್ಲಿ ಅಪ್ಪ ಅಂಗಾತ ಬಿದ್ದಿದ್ದ. ಕಣ್ಣು ಬಿಟ್ಟು ಮುಗಿಲು ನೋಡುತ್ತಿದ್ದ. ಏನಾದರೊಂದು ನೆವ ಹೇಳುತ್ತಾನೆಂದು ಕಾದೆ. ಹೇಳಲಿ, ಹೂಂ ಅಂದುಬಿಡೋಣ ಅನ್ನಿಸಿತು.

“ಬಿದ್ನೆವಾ,” ಅಂದ. “ಎಬ್ಬಿಸು.” ಕೈ ಚಾಚಿದ.

ಎಲುಬು ಮುರಿದಿರಲಿಲ್ಲ. ನಸೀಬು ಛಲೋ ಐತಿ ಎಂದು ಡಾಕ್ಟರರು ಅಪ್ಪನ ಬೆನ್ನು ತಟ್ಟಿದರು. ಆ ದಿನ ನಾನೂ ಖುಷಿಗೆ ಬಾಜೂ ಮನೆಯ ಕಾಕುವಿನ ಬಾಯಿಗೆ ಸಕ್ಕರೆ ಹಾಕಿದೆ. ಆದರೆ ಎಬ್ಬಿಸಿ ನಿಲ್ಲಿಸಿದ ಮೇಲೂ ಒಬ್ಬ ಮನುಷ್ಯ ಬಿದ್ದೇ ಇರುವುದಕ್ಕೆ ಆ ಡಿಕ್ಷನರಿಯಲ್ಲಿ ನಾನು ಅರ್ಥ ಕಂಡಿಲ್ಲ. ಅಪ್ಪ ಈಗ ಜಗಳ ಆಡುವುದಿಲ್ಲ. ಉಣ್ಣು ಅಂದರೆ ಉಣ್ಣುತ್ತಾನೆ, ಮಲಗು ಅಂದರೆ ಮಲಗುತ್ತಾನೆ. ಹಿರಿಯರು ಚಹಾಕ್ಕೆ ಬಂದು ಹಳೆಯ ಕುಸ್ತಿಯ ಮಾತು ತೆಗೆದರೆ, ಆ ಪೈಲವಾನ ಯಾರೋ ಎಂಬಂತೆ ಕೇಳುತ್ತಾನೆ.

ಮೊನ್ನೆ ಗುಳಿಗೆ ಬರೆಸಿಕೊಂಡು ಬರುವಾಗ ದವಾಖಾನೆಯ ಅದೇ ಮೆಟ್ಟಿಲಿಳಿದು ಬಯಲಿಗೆ ಬಂದೆವು. ನೆಲ ಸಪಾಟಾಗಿತ್ತು, ಹೆದರುವಂಥದ್ದೇನಿರಲಿಲ್ಲ. ನಾನು ಬೇಕೆಂದೇ ಹಿಡಿತ ಸಡಿಲಿಸಿದೆ. ಝಾಡಿಸಲಿ, ಒಂದು ಸಲ ಬೈಯಲಿ ಎಂದು ಆಸೆ.

ಅಪ್ಪ ಇನ್ನೊಂದು ಕೈಯನ್ನೂ ತಂದು ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡ.